ಹನ್ನೊಂದು ವರ್ಷದ ಅರ್ಧ ಬೆರಳು

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಬಡಗಿ ಬರುವವನಿದ್ದ. ಬಂದು, ಅಂಗಡಿಯ ಕಿಟಕಿ ಪಕ್ಕದ ಉದ್ದನೆಯ ಮೇಜನ್ನು ಬಿಚ್ಚಿ ಹೊತ್ತುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ಮೇಜು ಅತ್ತೆಯದು. ತೀರ್ಮಾನ ಸೊಸೆಯದು. ನಡುವೆ ನಿಂತ ಮಗನದು ಏನೂ ಅಲ್ಲ. ಮದುವೆಯಾದ ದಿನದಿಂದ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಲೆಯಾಡಿಸಿ ಅವನ ಕುತ್ತಿಗೆಯ ಮೂಳೆಯೇ ಅರ್ಧ ಸವೆದು ಹೋಗಿತ್ತು.

ಅದು ಕೋಟಿನ ಅಂಗಡಿ. ಮೇಲೆ ಮನೆ, ಕೆಳಗೆ ಅಂಗಡಿ. ನರ್ಸುಗಳ ಬಿಳಿ ಕೋಟು, ಅಡಿಗೆ ಭಟ್ಟರ ಕೋಟು, ಔಷಧಿ ಅಂಗಡಿಯವರ ಕೋಟು, ಹೀಗೆ ಊರಲ್ಲಿ ಯಾರ್ಯಾರು ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ ಹಾಕಿಕೊಂಡು ಕೆಲಸ ಮಾಡುತ್ತಾರೋ ಅವರೆಲ್ಲರ ಬೆನ್ನ ಮೇಲೂ ಇದೇ ಅಂಗಡಿಯ ಕೋಟು. ಈ ಅಂಗಡಿಯ ಕೋಟು ಹಾಕಿಕೊಂಡರೆ ಕೈಯೆತ್ತಿ ಆಕಾಶ ಮುಟ್ಟಬಹುದು, ಕಂಕುಳಲ್ಲಿ ಒಂದು ನೂಲೂ ಕಿಸಕ್ಕೆನ್ನುವುದಿಲ್ಲ ಎಂದು ಹೆಸರು. ಆ ಹೆಸರು ಬಂದದ್ದು ಸೊಸೆ ಬಂದ ಮೇಲೆ, ಅವಳ ಜೊತೆ ಕತ್ತರಿಸುವ ಯಂತ್ರ ಬಂದ ಮೇಲೆ. ಅಳತೆ ಹೇಳಿದರೆ ಸಾಕು, ಕಂಪ್ಯೂಟರು ಗೆರೆ ಹಾಕುತ್ತಿತ್ತು, ಯಂತ್ರದ ಸಣ್ಣ ಚೂರಿ ಹಾಸಿದ ಬಟ್ಟೆಯ ಮೇಲೆ ಓಡಿ ಕೋಟನ್ನು ತುಂಡು ತುಂಡಾಗಿ ಕತ್ತರಿಸಿ ಕೊಡುತ್ತಿತ್ತು.

ಅತ್ತೆಯ ಕೆಲಸವೇನು? ಯಂತ್ರ ಕತ್ತರಿಸಿದ ತುಂಡುಗಳೆಲ್ಲ ಅವಳ ಮೇಜಿಗೆ ಬರುತ್ತಿದ್ದವು. ಅಂಚಿನಲ್ಲಿ ಎದ್ದ ನೂಲನ್ನು ಅವಳು ಕತ್ತರಿಸಿ, ತುಂಡುಗಳನ್ನು ಜೋಡಿಸಿ ಕಟ್ಟು ಕಟ್ಟಿ ಹೊಲಿಯುವವರಿಗೆ ಕೊಡುತ್ತಿದ್ದಳು. ನೂಲು ಕತ್ತರಿಸುವುದು ಒಂದು ಕೆಲಸವೇ? ಯಜಮಾನರನ್ನು ಕಳೆದುಕೊಂಡ ಮುದುಕಿ, ಕೈಗೆ ಏನಾದರೂ ಇರಲಿ, ಬಾಯಿಗಾದರೂ ಬಿಡುವು ಸಿಗಲಿ ಎಂದು ಬಿಟ್ಟಿದ್ದರು. ಬಾಯಿಗೆ ಬಿಡುವು ಮಾತ್ರ ಸಿಕ್ಕಿರಲಿಲ್ಲ. ಸೊಸೆಗೆ ಅವಳು ಇಟ್ಟ ಹೆಸರು ಇಂಜಿನಿಯರಮ್ಮ. ಹಾಲು ಉಕ್ಕಿದರೂ ಇಂಜಿನಿಯರಮ್ಮ, ನಲ್ಲಿ ಸೋರಿದರೂ ಇಂಜಿನಿಯರಮ್ಮ.

ಈಗ ಇನ್ನೊಂದು ಕತ್ತರಿಸುವ ಯಂತ್ರ ಬರಲಿತ್ತು. ಅದಕ್ಕೆ ಜಾಗ ಬೇಕು. ಜಾಗವಿದ್ದದ್ದು ಕಿಟಕಿಯ ಪಕ್ಕ ಮಾತ್ರ. ಮೇಲೆ ಮನೆಯಲ್ಲಿ ಆರಾಮಾಗಿ ಇರಿ ಅತ್ತೆ ಎಂದು ಸೊಸೆ ಮೆತ್ತಗೆ ಹೇಳಿದಾಗ ಅತ್ತೆ ಕತ್ತರಿ ಕೆಳಗಿಡದೆ, ಆರಾಮು ಎಂದರೆ ಅಲ್ಲಿ ಮೇಲೆ ಎಷ್ಟನೇ ಮೆಟ್ಟಿಲ ಮೇಲೆ ಸಿಗುತ್ತದೆ ಎಂದು ಕೇಳಿದ್ದಳು. ಅಷ್ಟೇ. ಆಮೇಲೆ ಮೂರು ದಿನ ಆ ಮಾತನ್ನೇ ಎತ್ತಿರಲಿಲ್ಲ. ಅತ್ತೆ ಮೂರು ದಿನ ಒಂದು ಮಾತನ್ನು ಎತ್ತದೆ ಇರುವುದೆಂದರೆ ಊರ ಕೆರೆ ಮೂರು ದಿನ ಒದ್ದೆಯಾಗದೆ ಇದ್ದ ಹಾಗೆ.

ಇಂಥ ಹೊತ್ತಿನಲ್ಲಿ ಹಳೆಯ ಕಂಪ್ಯೂಟರು ಸತ್ತಿತು. ಸುಮ್ಮನೆ ಸಾಯಲಿಲ್ಲ, ಬೆಳಿಗ್ಗೆ ಗುಂಡಿ ಒತ್ತಿದ ಕೂಡಲೇ ಟಪ್ಪೆಂದು, ಬೆನ್ನಿನಿಂದ ಒಂದು ಎಳೆ ಹೊಗೆ ಬಿಟ್ಟು, ಸುಟ್ಟ ರಬ್ಬರಿನ ವಾಸನೆಯನ್ನು ಅಂಗಡಿಗೆಲ್ಲ ಹಂಚಿ ಸತ್ತಿತು. ಆಸ್ಪತ್ರೆಯ ಹನ್ನೆರಡು ಕೋಟು ಅಂದೇ ಕತ್ತರಿಸಿ ಆಗಬೇಕಿತ್ತು. ಗಂಡ ತಲೆಯ ಮೇಲೆ ಕೈ ಹೊತ್ತು ಕೂತ. ಸೊಸೆ ಕೂರಲಿಲ್ಲ. ಎರಡನೆಯ ಯಂತ್ರಕ್ಕೆಂದು ತಂದಿಟ್ಟಿದ್ದ ಹೊಸ ಕಂಪ್ಯೂಟರಿತ್ತು. ಅದರ ಪೆಟ್ಟಿಗೆ ಒಡೆದಳು, ಹಳೆಯದರ ಹೊಟ್ಟೆಯಿಂದ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟಳು, ಸೆರಗು ಸಿಕ್ಕಿಸಿ ಕೂತಳು.

ಆ ಗೆರೆ ಹಾಕುವ ಪ್ರೋಗ್ರಾಮು ಸಿದ್ಧವಾಗಿ ಸಿಗುವಂಥದ್ದಲ್ಲ. ಅದನ್ನು ಬರೆದವರು ಬರೆದ ಹಾಗೆಯೇ, ಸೋರ್ಸ್ ಕೋಡ್ ಎಂದು ಕೊಡುತ್ತಾರೆ. ಹೊಲಿದ ಕೋಟಲ್ಲ, ಬಟ್ಟೆ ಮತ್ತು ಅಳತೆಯ ಚೀಟಿ ಕೊಟ್ಟ ಹಾಗೆ. ನಿಮ್ಮ ಕಂಪ್ಯೂಟರಿಗೆ ಕೂರುವಂತೆ ನೀವೇ ಕಟ್ಟಿಕೊಳ್ಳಬೇಕು. ಕಟ್ಟುವಾಗ ಗುಂಡಿಗಳನ್ನು ಯಾರೂ ತಾವೇ ಮಾಡುವುದಿಲ್ಲವಲ್ಲ, ಡಬ್ಬಿಯಿಂದ ತೆಗೆದು ಹಚ್ಚುತ್ತಾರೆ. ಪ್ರೋಗ್ರಾಮಿಗೂ ಹಾಗೆ ಬೇರೆಯವರು ಮಾಡಿಟ್ಟ ಡಬ್ಬಿಗಳಿರುತ್ತವೆ, ಲೈಬ್ರರಿ ಎನ್ನುತ್ತಾರೆ. ನೇರ ಗೆರೆ ಯಾರು ಬೇಕಾದರೂ ಎಳೆದಾರು. ಬಾಗಿದ ಗೆರೆ ಕಷ್ಟ. ಅದಕ್ಕೆಂದೇ ಈ ಪ್ರೋಗ್ರಾಮು ಒಂದು ಲೈಬ್ರರಿಯನ್ನು ನೆಚ್ಚಿಕೊಂಡಿತ್ತು. ಅದರ ನಾಲ್ಕನೆಯ ವರ್ಷನ್ನೇ, ಅಂದರೆ ನಾಲ್ಕನೆಯ ಆವೃತ್ತಿಯೇ ಆಗಬೇಕು ಎಂದು ಹಟ.

ಸೊಸೆ ಕಟ್ಟಲು ಹೇಳಿದಳು. ತೆರೆಯ ಮೇಲೆ ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿದವು, ಹರಿದು ಹರಿದು ಗಕ್ಕನೆ ನಿಂತವು. ಲೈಬ್ರರಿಯ ಹೆಡರ್ ಫೈಲು ಸಿಗಲಿಲ್ಲವಂತೆ. ಹೆಡರ್ ಎಂದರೆ ಡಬ್ಬಿಯಲ್ಲಿ ಏನೇನಿದೆ ಎಂದು ಮುಚ್ಚಳದ ಮೇಲೆ ಬರೆದ ಪಟ್ಟಿ. ಹುಡುಕಿದರೆ ಲೈಬ್ರರಿಯ ಬೇಕಾದ ವರ್ಷನ್ನೇ ಆ ಕಂಪ್ಯೂಟರಿನಲ್ಲಿರಲಿಲ್ಲ. ಸರಿ, ಲೈಬ್ರರಿಯ ಸೋರ್ಸನ್ನೂ ತಂದು ಅದನ್ನೂ ಕಟ್ಟಿದಳು. ಈಗ ಪಟ್ಟಿ ಸಿಕ್ಕಿತು, ಇರುವೆ ಸಾಲು ಇನ್ನೂ ಮುಂದೆ ಹೋಯಿತು, ಮತ್ತೆ ನಿಂತಿತು. ಈ ಸಲದ ತಕರಾರು ಬೇರೆ: ಡಬ್ಬಿಯ ಪಟ್ಟಿಯಲ್ಲಿದ್ದ ಇಪ್ಪತ್ತೆಂಟು ಜನರನ್ನು ಹೆಸರು ಹಿಡಿದು ಕರೆದೆ, ಒಬ್ಬರೂ ಓಗೊಡಲಿಲ್ಲ.

ಕೋಟುಗಳ ಹೊಲಿಗೆ ನೋಡಿಕೊಳ್ಳುತ್ತಿದ್ದ ಪಿನ್ನು ಮೇಷ್ಟ್ರು ಹಿಂದೆ ಬಂದು ನಿಂತಿದ್ದರು. ಅವರ ಬಾಯಲ್ಲಿ ಸದಾ ಆರೇಳು ಗುಂಡುಪಿನ್ನು. ಊಟಕ್ಕೆ ಮಾತ್ರ ತೆಗೆಯುತ್ತಾರೆ, ಮದುವೆಯ ಫೋಟೋದಲ್ಲೂ ತೆಗೆದಿರಲಿಲ್ಲ ಎಂದು ಜನ ಹೇಳುತ್ತಾರೆ. ಅವರು ತೆರೆ ನೋಡಿ, ಈ ಮನೆಯಲ್ಲಿ ನಾನು ಕರೆದರೂ ಯಾರೂ ಓಗೊಡುವುದಿಲ್ಲ, ನಾನೇನು ನಿಂತುಬಿಟ್ಟೆನಾ ಎಂದು ಪಿನ್ನುಗಳ ಸಂದಿಯಿಂದ ಹೇಳಿ ಹೋದರು.

ಸೊಸೆ ನಗಲಿಲ್ಲ. ಅವಳಿಗೆ ತಪ್ಪು ಗೊತ್ತಾಯಿತು. ಕಟ್ಟುವ ಸಾಲಿನಲ್ಲಿ ಲೈಬ್ರರಿಯ ಹೆಸರು ಮೊದಲೇ ಬಂದುಬಿಟ್ಟಿತ್ತು. ಕಂಪ್ಯೂಟರು ಆ ಸಾಲನ್ನು ಎಡದಿಂದ ಬಲಕ್ಕೆ ಒಂದೇ ಸಲ ಓದುತ್ತದೆ. ಯಾರಿಗೆ ಏನು ಬೇಕು ಎಂದು ತಿಳಿಯುವ ಮೊದಲೇ ಡಬ್ಬಿ ಎದುರಾದರೆ, ಇದು ಯಾರಿಗೂ ಬೇಡವೇನೋ ಎಂದು ದಾಟಿ ಹೋಗುತ್ತದೆ. ಹೆಸರನ್ನು ಕೊನೆಗೆ ಸರಿಸಿದಳು. ಇಪ್ಪತ್ತೆಂಟು ಜನವೂ ಓಗೊಟ್ಟರು. ಪ್ರೋಗ್ರಾಮು ಕಟ್ಟಿ ಮುಗಿಯಿತು. ಓಡಿಸಿದಳು. ಓಡಲಿಲ್ಲ. ಲೈಬ್ರರಿಯ ಫೈಲು ತೆರೆಯಲಾಗಲಿಲ್ಲ, ಅಂಥ ಫೈಲೇ ಇಲ್ಲ ಎಂದಿತು.

ಇಲ್ಲವೇ? ಈಗ ತಾನೇ ತನ್ನ ಕೈಯಾರೆ ಕಟ್ಟಿ ಇಟ್ಟದ್ದು. ಹೋಗಿ ನೋಡಿದರೆ ಫೋಲ್ಡರಿನಲ್ಲಿ ಬಂಡೆಯ ಹಾಗೆ ಕೂತಿದೆ. ಸೊಸೆ ಒಂದು ಗಳಿಗೆ ಕಕ್ಕಾಬಿಕ್ಕಿಯಾದಳು. ಆಮೇಲೆ ನೆನಪಾಯಿತು: ಕಂಪ್ಯೂಟರು ಎಲ್ಲ ಕಡೆ ಹುಡುಕುವುದಿಲ್ಲ, ಎಲ್ಲೆಲ್ಲಿ ಯಾವ ಲೈಬ್ರರಿ ಇದೆ ಎಂದು ಬರೆದಿಟ್ಟ ಪಟ್ಟಿಯನ್ನು ನೋಡುತ್ತದೆ. ಪಟ್ಟಿ ಹಳೆಯದು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವರ ಕಥೆ. ಪಟ್ಟಿಯನ್ನು ಹೊಸದಾಗಿ ಬರೆದುಕೋ ಎಂದು ಒಂದು ಆಜ್ಞೆ ಕೊಟ್ಟಳು. ಪ್ರೋಗ್ರಾಮು ತೆರೆದುಕೊಂಡಿತು. ಗಡಿಯಾರದಲ್ಲಿ ಆಗ ಹನ್ನೊಂದೂವರೆ. ಗಂಡನ ಮುಖದಲ್ಲಿ ರಕ್ತ ಮತ್ತೆ ಓಡಾಡತೊಡಗಿತು.

ಚೂರಿ ಓಡಿತು. ಹನ್ನೆರಡು ಕೋಟಿನ ತುಂಡುಗಳು ಬಿದ್ದವು. ಅತ್ತೆಯ ಮೇಜಿಗೆ ಹೋದವು, ಅವಳು ಎಂದಿನಂತೆ ಕತ್ತರಿ ಆಡಿಸಿದಳು, ಕಟ್ಟು ಕಟ್ಟಿದಳು. ಇದೇ ನನ್ನ ಕೊನೆಯ ಹನ್ನೆರಡು, ದಾರ ಸ್ವಲ್ಪ ಚೆಂದದ್ದು ಕೊಡಿ ಎಂದು ಕೆಂಪು ದಾರ ಕೇಳಿ ಪಡೆದಳು. ಮೇಷ್ಟ್ರು ಮೊದಲನೆಯ ಕೋಟನ್ನು ಊಟದೊಳಗೆ ಹೊಲಿದು ಮುಗಿಸಿ ಮರದ ಬೊಂಬೆಗೆ ತೊಡಿಸಿದರು. ತೊಡಿಸಿ ಹಿಂದೆ ಸರಿದರು. ಬಾಯಿಂದ ಒಂದು ಪಿನ್ನು ಕೆಳಗೆ ಬಿತ್ತು.

ಮೇಷ್ಟ್ರ ಬಾಯಿಂದ ಪಿನ್ನು ಬಿದ್ದದ್ದನ್ನು ಆ ಅಂಗಡಿಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

ಕೋಟಿನ ಕಂಕುಳು ಗುಹೆಯ ಹಾಗೆ ಬಾಯಿ ಬಿಟ್ಟಿತ್ತು. ತೋಳು ಕೂರುವ ಸುತ್ತು ಸಡಿಲವಾಗಿ ಜೋತು ಬಿದ್ದು, ಒಂದು ಕೈ ಹೋಗುವಲ್ಲಿ ಕೈಯ ಜೊತೆಗೆ ಇಬ್ಬರು ಮಕ್ಕಳನ್ನೂ ಒಂದು ಬೆಕ್ಕನ್ನೂ ತೂರಿಸಬಹುದಿತ್ತು. ಹನ್ನೊಂದು ವರ್ಷದಲ್ಲಿ ಆ ಅಂಗಡಿಯಿಂದ ಅಂಥದೊಂದು ಕೋಟು ಹೊರಬಿದ್ದಿರಲಿಲ್ಲ. ಸೊಸೆ ಟೇಪು ಹಿಡಿದಳು. ಎಲ್ಲ ನೇರ ಅಂಚುಗಳೂ ಕರಾರುವಾಕ್ಕು. ಕಂಕುಳ ಸುತ್ತಿನಲ್ಲಿ ಮಾತ್ರ ಎಲ್ಲೆಡೆ ಅರ್ಧ ಬೆರಳು ಬಟ್ಟೆ ಕಡಿಮೆ. ಹನ್ನೆರಡೂ ಕೋಟಿನಲ್ಲಿ ಹಾಗೇ.

ಹೊಸದಾಗಿ ಕಟ್ಟಿದ ಪ್ರೋಗ್ರಾಮು ತಪ್ಪಿದೆ ಎಂದು ಗಂಡ ಹೇಳಿದ. ಇದ್ದರೂ ಇರಬಹುದು ಎಂದುಕೊಂಡಳು ಸೊಸೆ. ಹಳೆಯ ಡಿಸ್ಕಿನಿಂದ ಹಳೆಯ ಪ್ರೋಗ್ರಾಮನ್ನು, ಅದರ ಲೈಬ್ರರಿಗಳ ಸಮೇತ, ಹೊಸ ಕಂಪ್ಯೂಟರಿನಲ್ಲಿ ಗೆರೆ ಬಿಡಿಸುವ ಮಟ್ಟಿಗೆ ಎಬ್ಬಿಸಿದಳು. ಒಂದೇ ಅಳತೆಯನ್ನು ಎರಡಕ್ಕೂ ಕೊಟ್ಟು ದೊಡ್ಡ ಕಾಗದದ ಮೇಲೆ ಎರಡು ಕಂಕುಳು ಬಿಡಿಸಿದಳು, ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ಗೆರೆಗಳ ನಡುವೆ ಅರ್ಧ ಬೆರಳು ಅಂತರ. ಹಳೆಯದು ಅಷ್ಟು ಬಟ್ಟೆಯನ್ನು ಹೆಚ್ಚು ಬಿಡುತ್ತಿತ್ತು. ಹಾಗಾದರೆ ಹೊಸದೇ ತಪ್ಪು. ಸೊಸೆಗೆ ಒಂದು ಥರ ಸಮಾಧಾನವೂ ಆಯಿತು; ತಪ್ಪು ಎಲ್ಲಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಆದರೂ ಯಾಕೆ ಎಂದು ತಿಳಿಯಬೇಕಲ್ಲ. ಪ್ರೋಗ್ರಾಮೊಂದು ಯಾವ ಯಾವ ಲೈಬ್ರರಿಯನ್ನು ಎಲ್ಲಿಂದ ತೆಗೆದುಕೊಳ್ಳುತ್ತದೆ ಎಂದು ತೋರಿಸುವ ಒಂದು ಆಜ್ಞೆ ಇದೆ. ಅದನ್ನು ಹಳೆಯ ಪ್ರೋಗ್ರಾಮಿನ ಮೇಲೆ ಓಡಿಸಿದಳು. ಬಾಗಿದ ಗೆರೆಯ ಲೈಬ್ರರಿ, ವರ್ಷನ್ ನಾಲ್ಕು ಎಂದಿತ್ತು. ಸರಿಯಾಗಿಯೇ ಇದೆಯಲ್ಲ ಎಂದು ಆ ಫೈಲಿನ ಹತ್ತಿರ ಹೋದಳು. ಅದು ಫೈಲೇ ಅಲ್ಲ. ಬರೀ ಒಂದು ಬೋರ್ಡು. ನಾಲ್ಕು ಎಂಬ ಬೋರ್ಡು ನೇತುಹಾಕಿ, ಹಿಂದೆ ಕೂರಿಸಿದ್ದು ಎರಡನೆಯ ವರ್ಷನ್ನನ್ನು.

ಯಾರು ಈ ಕೆಲಸ ಮಾಡಿದ ದರಿದ್ರರು ಎಂದು ತಾರೀಖು ನೋಡಿದಳು. ಅವಳ ಮದುವೆಯಾಗಿ ಎರಡನೆಯ ವಾರ. ಪಕ್ಕದಲ್ಲೇ ಒಂದು ಚಿಕ್ಕ ಟಿಪ್ಪಣಿಯ ಫೈಲಿತ್ತು. ತೆರೆದಳು.

'ನಾಲ್ಕು ಕಟ್ಟಲಾಗುತ್ತಿಲ್ಲ. ಎರಡಕ್ಕೇ ನಾಲ್ಕರ ಹೆಸರಿಟ್ಟಿದ್ದೇನೆ, ತಕರಾರಿಲ್ಲದೆ ಓಡುತ್ತಿದೆ. ಸದ್ಯಕ್ಕೆ ಹೀಗಿರಲಿ. ನಾಳೆ ಸರಿ ಮಾಡುತ್ತೇನೆ.'

ಬರೆದವಳು ಅವಳೇ.

ಆ ದಿನ ಅವಳು ಹೊಸ ಮದುಮಗಳು, ಗಂಡನ ಮನೆಯವರೆಲ್ಲ ಬೆನ್ನ ಹಿಂದೆ ಸಾಲಾಗಿ ನಿಂತು ನೋಡುತ್ತಿದ್ದರು, ಯಂತ್ರ ಅಂದೇ ಓಡಿ ತೋರಿಸಬೇಕಿತ್ತು. ತಪ್ಪಿನ ಮೇಲೆ ತಪ್ಪು ಬಂದು ಕಣ್ಣಲ್ಲಿ ನೀರು ಬರುವ ಹೊತ್ತಿಗೆ ಈ ಉಪಾಯ ಮಾಡಿದ್ದಳು. ಬೋರ್ಡು ನೋಡಿ ಪ್ರೋಗ್ರಾಮು ನಂಬಿತು. ಆ ನಾಳೆ ಬರಲೇ ಇಲ್ಲ. ಅವಳಿಗೆ ಅದು ಮರೆತೇ ಹೋಗಿತ್ತು.

ಎರಡೂ ವರ್ಷನ್ನಿನ ವಿವರ ತೆಗೆದು ಓದಿದಳು. ಅಲ್ಲಿತ್ತು. ಹೊಲಿಗೆಗೆ ಒಂದು ಬೆರಳು ಬಿಡು ಎಂದು ಪ್ರೋಗ್ರಾಮು ಹೇಳಿದರೆ, ನಾಲ್ಕನೆಯ ವರ್ಷನ್ನು ಅದನ್ನು ಗೆರೆಯ ಆಚೆ ಅರ್ಧ, ಈಚೆ ಅರ್ಧ ಎಂದು ಹಂಚುತ್ತದೆ. ಎರಡನೆಯದು ಇಡೀ ಬೆರಳನ್ನು ಆಚೆಗೇ ಬಿಡುತ್ತದೆ. ಅಂದರೆ ಹೊಸದು ಸರಿ. ಹಳೆಯದೇ ತಪ್ಪು. ಹನ್ನೊಂದು ವರ್ಷದಿಂದ ಯಂತ್ರ ಕತ್ತರಿಸಿದ ಪ್ರತಿಯೊಂದು ಕೋಟಿನ ಕಂಕುಳಲ್ಲೂ ಅರ್ಧ ಬೆರಳು ಬಟ್ಟೆ ಹೆಚ್ಚಾಗಿತ್ತು. ಹಾಗೇ ಹೊಲಿದಿದ್ದರೆ ಕಂಕುಳು ಬಿಗಿಯಾಗಿ ಊರಿನ ನರ್ಸುಗಳಲ್ಲಿ ಒಬ್ಬಳಿಗೂ ಕೈಯೆತ್ತಿ ತಲೆ ಕೆರೆದುಕೊಳ್ಳಲಾಗುತ್ತಿರಲಿಲ್ಲ.

ಆದರೆ ಎಲ್ಲರೂ ಕೈ ಎತ್ತುತ್ತಿದ್ದರು. ಆಕಾಶ ಮುಟ್ಟುತ್ತಿದ್ದರು.

ಸೊಸೆ ತಿರುಗಿ ಯಂತ್ರವನ್ನು ನೋಡಿದಳು. ಯಂತ್ರದಿಂದ ಹೊಲಿಯುವವರವರೆಗಿನ ದಾರಿ ನೋಡಿದಳು. ದಾರಿಯಲ್ಲಿ ಇದ್ದದ್ದು ಒಂದೇ ಒಂದು ಮೇಜು. ಅತ್ತೆ ಊಟಕ್ಕೆ ಮೇಲೆ ಹೋಗಿದ್ದಳು. ಮೇಜಿನ ಕೆಳಗೆ ಬಟ್ಟೆಯ ಚೀಲ. ಸೊಸೆ ಬಗ್ಗಿ ಅದರೊಳಗೆ ಕೈ ಹಾಕಿದಳು. ನೂಲು ಸಿಗಲಿಲ್ಲ. ಸಿಕ್ಕಿದ್ದು ಬಿಳಿ ಬಟ್ಟೆಯ ಚೂರುಗಳು, ಒಂದೊಂದೂ ಉಗುರಿನ ಹಾಗೆ, ಬಿದಿಗೆಯ ಚಂದ್ರನ ಹಾಗೆ ಬಾಗಿದ್ದವು. ನಾಲ್ಕು ಚೂರು ಎತ್ತಿಕೊಂಡು, ಬೊಂಬೆಯ ಮೇಲಿನ ಕೋಟಿನ ಕಂಕುಳಿಗೆ ಹಿಡಿದು ನೋಡಿದಳು. ಅಗಲ ಅರ್ಧ ಬೆರಳು. ನೂಲಿನೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮೇಷ್ಟ್ರು ಎಲ್ಲ ನೋಡುತ್ತಿದ್ದರು. ಉಳಿದ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ತೋಳಿಗೆ ಚುಚ್ಚಿಕೊಂಡರು. ಆಗ ಅವರ ಮಾತು ಸ್ಪಷ್ಟವಾಗಿ ಕೇಳಿಸಿತು.

"ದಿಂಬು ನೋಡಿ ಅಕ್ಕಾವ್ರೇ."

"ಯಾವ ದಿಂಬು?"

"ನಿಮ್ಮದೇ."

ಸೊಸೆ ಮೆಟ್ಟಿಲನ್ನು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ. ಮಲಗುವ ಕೋಣೆಗೆ ಹೋಗಿ ತನ್ನ ದಿಂಬಿನ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಅತ್ತೆ ಪ್ರತಿ ವರ್ಷ ಮನೆಗೆ ಹೊಸ ದಿಂಬು ಹೊಲಿಯುತ್ತಿದ್ದಳು. ಹತ್ತಿ ತುಂಬಿದ್ದಾಳೆಂದೇ ಎಲ್ಲರ ನಂಬಿಕೆ. ಹರಿದ ಬಾಯಿಂದ ಚಂದ್ರರು ಉದುರಿದರು. ಬಿಳಿ ಚಂದ್ರರು, ನೀಲಿ ಚಂದ್ರರು, ಅಡಿಗೆ ಭಟ್ಟರ ಕೋಟಿನ ಚೌಕಳಿ ಚಂದ್ರರು, ಹಾಸಿಗೆ ತುಂಬಿ ನೆಲಕ್ಕೆ ಬಿದ್ದು ಕಾಲು ಮುಳುಗುವಷ್ಟು ಸಾವಿರಾರು ಚಂದ್ರರು. ಗಂಡನ ದಿಂಬು ಹರಿದಳು, ಅದರಲ್ಲೂ ಅವೇ. ಅತಿಥಿಗಳ ದಿಂಬು, ಕುರ್ಚಿಯ ಮೆತ್ತೆ, ಎಲ್ಲದರಲ್ಲೂ ಅವೇ. ಹನ್ನೊಂದು ವರ್ಷ ಅವಳು ತನ್ನ ತಪ್ಪಿನ ಮೇಲೇ ತಲೆಯಿಟ್ಟು, ಎಂಥ ಮೆತ್ತಗಿದೆ ಎಂದು ಸುಖವಾಗಿ ನಿದ್ದೆ ಹೋಗಿದ್ದಳು.

ಅವಳು ಚೂರುಗಳ ನಡುವೆ ಗರ ಬಡಿದವಳಂತೆ ಕೂತಿದ್ದಾಗ ಅತ್ತೆ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ತೊಳೆದ ತಟ್ಟೆ. ಕೋಣೆಯನ್ನು ಒಮ್ಮೆ ಕಣ್ಣಾಡಿಸಿ ನೋಡಿದಳು.

"ಹತ್ತಿ ಅಲ್ಲ ಅಂತ ಗೊತ್ತಾಯ್ತಾ ಇಂಜಿನಿಯರಮ್ಮ? ಹನ್ನೊಂದು ವರ್ಷ ಬೇಕಾಯ್ತು ನೋಡು."

ಸೊಸೆ ಒಂದು ಚೂರು ಎತ್ತಿ ಹಿಡಿದಳು.

"ಹೇಳಬಾರದಿತ್ತಾ ಅತ್ತೆ?"

ಅತ್ತೆ ತಟ್ಟೆಯನ್ನು ಕಿಟಕಿಯ ಕಟ್ಟೆಗೆ ಒರಗಿಸಿಟ್ಟು, ಚಂದ್ರರನ್ನು ಕಾಲಿಂದ ಸರಿಸಿ ಜಾಗ ಮಾಡಿಕೊಂಡು ಹಾಸಿಗೆಯ ತುದಿಗೆ ಕೂತಳು. ಮತ್ತೆ ಅವಳು ಹೇಳಿದ್ದು ಇಷ್ಟು. ಆ ದಿನ ಮೊದಲ ತುಂಡುಗಳು ಬಿದ್ದಾಗಲೇ ಅವಳ ಕಣ್ಣಿಗೆ ಬಿದ್ದಿತ್ತು, ಕಂಕುಳು ಬಿಗಿ. ಆಗ ಸೊಸೆಯ ಮಾವ, ಅತ್ತೆಯ ಯಜಮಾನರು, ಬದುಕಿದ್ದರು. ಮಾವನ ಕತ್ತರಿಯೆಂದರೆ ಸುತ್ತಲ ಏಳು ಊರಿಗೆ ಹೆಸರು, ಮಾವನ ಕೋಪವೆಂದರೆ ಹದಿನಾಲ್ಕು ಊರಿಗೆ. ಯಂತ್ರ ಒಂದು ಕೋಟು ಕೆಡಿಸಲಿ, ಅದನ್ನು ಬೀದಿಗೆ ಎಸೆದು ಸೊಸೆಯನ್ನು ಮೇಲೆ ಕಳಿಸುತ್ತೇನೆ ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಮೇಲೆ ಎಂದರೇನೆಂದು ಅತ್ತೆಗೆ ಗೊತ್ತಿತ್ತು. ಮೂವತ್ತು ವರ್ಷ ಅವಳು ಮೇಲೆಯೇ ಕೂತು ಕಾಜಾ ಹೊಲಿದಿದ್ದಳು, ಗುಂಡಿ ಹಚ್ಚಿದ್ದಳು. ಹೆಂಗಸರಿಗೆ ಅಷ್ಟೇ. ಆ ಮನೆಯಲ್ಲಿ ಕತ್ತರಿ ಮುಟ್ಟುವುದು ಗಂಡಸರ ಕೆಲಸ. ಅವಳು ಮಾವನ ಕತ್ತರಿಗೆ ಎಣ್ಣೆ ಹಾಕಿದ್ದುಂಟು, ಬಟ್ಟೆಯ ಮೇಲೆ ಇಟ್ಟದ್ದಿಲ್ಲ.

"ಆವತ್ತು ಅವರು ಕಾಫಿಗೆ ಎದ್ದು ಹೋದ್ರು. ನೂಲು ತೆಗೀತೀನಿ ಅಂತ ಸುಳ್ಳು ಹೇಳಿ ಕತ್ತರಿ ತಗೊಂಡೆ. ನೂಲು ತಾನೇ ಅಂತ ಆಮೇಲೆ ಅವರೂ ಸುಮ್ನಾದ್ರು. ಮೊದಲನೇ ಕಂಕುಳು ತೆಗೆದಾಗ..." ಅತ್ತೆ ನಿಂತಳು. ಅವಳು ಮಾತಿನ ನಡುವೆ ನಿಂತದ್ದನ್ನೂ ಸೊಸೆ ಅದೇ ಮೊದಲು ನೋಡಿದ್ದು. "ಬಟ್ಟೆ ಕತ್ತರಿಸುವಾಗ ಒಂದು ಸದ್ದು ಬರುತ್ತೆ ಗೊತ್ತಾ ನಿನಗೆ? ಯಂತ್ರದ್ದಲ್ಲ. ಕತ್ತರೀದು. ಅದನ್ನ ಮೂವತ್ತು ವರ್ಷ ಮೆಟ್ಟಿಲ ಮೇಲೆ ಕೂತು ಕೇಳಿದ್ದೆ. ಆವತ್ತು ನನ್ನ ಕೈಯಿಂದ ಬಂತು."

ಅತ್ತೆಯ ಕೈಗೆ ಕತ್ತರಿ ಬರುವಂತೆ ಮಾಡಿದ್ದೇ ಸೊಸೆಯ ಆ ತಪ್ಪು. ಆ ತಪ್ಪನ್ನು ಅವಳು ಇವತ್ತು ಬೆಳಿಗ್ಗೆ ಹನ್ನೊಂದೂವರೆಗೆ ಸರಿಮಾಡಿ ಮುಗಿಸಿದ್ದಳು. ನಾಳೆ ಮೇಜೂ ಹೋಗುತ್ತಿತ್ತು.

ಅವಳು ಎದ್ದಳು. ಕೆಳಗೆ ಹೋಗಿ ಲೈಬ್ರರಿಯನ್ನು ಹಿಂದಿನ ಹಾಗೇ ಮಾಡುತ್ತೇನೆ, ಎರಡನ್ನೇ ಇಡುತ್ತೇನೆ, ಯಾರಿಗೂ ಹೇಳುವುದು ಬೇಡ, ಎಲ್ಲ ಮೊದಲಿನಂತೆ ನಡೆಯಲಿ ಎಂದಳು. ಅತ್ತೆ ಅವಳನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು.

"ಸರಿ ಇರೋದನ್ನ ಕೆಡಿಸಿ ನನಗೆ ಕೆಲಸ ಕೊಡ್ತೀಯಾ? ನಾನೇನು ನಿನ್ನ ತಪ್ಪು ಮೇಯ್ಕೊಂಡು ಬದುಕಿರೋ ಮೇಕೇನಾ?"

"ಮತ್ತೇನು ಮಾಡ್ಲಿ ಅತ್ತೆ?"

"ಮೊದಲು ಆ ಹನ್ನೆರಡು ಕೋಟಿಗೆ ಬೇರೆ ಬಟ್ಟೆ ಹಾಸು. ನನ್ನದು ಹಾಳು ಕೈ, ಕಣ್ಣು ನೋಡೋಕೆ ಮುಂಚೆ ಬೆರಳೇ ಬಟ್ಟೆ ಕತ್ತರಿಸಿಬಿಡುತ್ತೆ, ಬೆಳಿಗ್ಗೆ ಆಗಿದ್ದೂ ಅದೇ, ಆ ತುಂಡು ನನ್ನ ಮೇಜಿಗೆ ಕಳಿಸಬೇಡ."

ಮಧ್ಯಾಹ್ನ ಯಂತ್ರ ಮತ್ತೆ ಹನ್ನೆರಡು ಕೋಟು ಕತ್ತರಿಸಿತು. ಮೊದಲ ಬಾರಿಗೆ ತುಂಡುಗಳು ಅತ್ತೆಯ ಮೇಜನ್ನು ದಾಟಿ ನೇರ ಹೊಲಿಯುವವರ ಹತ್ತಿರ ಹೋದವು. ಕಂಕುಳುಗಳು ಕರಾರುವಾಕ್ಕಾಗಿ ಕೂತವು. ಅತ್ತೆ ಖಾಲಿ ಮೇಜಿನ ಮುಂದೆ ಕೈ ಕಟ್ಟಿ ಕೂತು ರಸ್ತೆ ನೋಡುತ್ತಿದ್ದಳು. ಸೊಸೆಗೆ ಆ ಕಡೆ ಕಣ್ಣೆತ್ತಲು ಧೈರ್ಯವಿರಲಿಲ್ಲ. ಸಂಜೆ ಬಾಗಿಲು ಹಾಕುವ ಮುಂಚೆ ಗಂಡನನ್ನೂ ಮೇಷ್ಟ್ರನ್ನೂ ಕೂರಿಸಿಕೊಂಡು, ಹೆಸರು ಬಂದದ್ದು ನನ್ನ ಯಂತ್ರದಿಂದಲ್ಲ, ಅತ್ತೆಯ ಕತ್ತರಿಯಿಂದ ಎಂದು ಎಲ್ಲವನ್ನೂ ಬಿಡದೆ ಹೇಳಿದಳು. ಮೇಷ್ಟ್ರಿಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು, ಬಾಯಲ್ಲಿ ಪಿನ್ನು ಇದ್ದದ್ದರಿಂದ ಹೇಳಲಿಲ್ಲವಂತೆ. ಗಂಡನಿಗೆ ಮಾತ್ರ ಸಿಡಿಲು ಬಡಿದ ಹಾಗಾಯಿತು. ತಲೆಯಾಡಿಸುವುದನ್ನೇ ಮರೆತು ಅಮ್ಮನನ್ನು ನೋಡುತ್ತ ನಿಂತ. ಅಮ್ಮ, ಬಾಯಿ ಮುಚ್ಚು, ನೊಣ ಹೋಗುತ್ತೆ ಎಂದಳು.

ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಡಗಿ ಸುತ್ತಿಗೆ ಚೀಲ ಹೊತ್ತು ಬಂದ. ಯಾವ ಮೇಜು ಎಂದು ಕೇಳಿದ. ಅತ್ತೆ ಎದ್ದು ನಿಂತು ಮೇಜಿನ ಮೇಲಿದ್ದ ಕೆಂಪು ದಾರದ ಉಂಡೆ, ಸೀಮೆಸುಣ್ಣ, ಕನ್ನಡಕದ ಡಬ್ಬಿ ಎಲ್ಲವನ್ನೂ ಸೆರಗಿಗೆ ತುಂಬಿಕೊಳ್ಳತೊಡಗಿದಳು. ಸೊಸೆ ಗೂಡಿನ ಮೇಲಿಂದ ಮಾವನ ಕತ್ತರಿಯನ್ನು ಇಳಿಸಿ ತಂದಳು. ಅದು ಒಂದು ಮೊಳ ಉದ್ದ, ಒಂದು ಕಲ್ಲಿನ ಭಾರ. ಜೊತೆಗೆ ಎರಡೂವರೆ ಮೀಟರು ಬಿಳಿ ಬಟ್ಟೆ. ಎರಡನ್ನೂ ಅತ್ತೆಯ ಮೇಜಿನ ಮೇಲೆ ಇಟ್ಟಳು.

"ಹನ್ನೊಂದು ವರ್ಷದಲ್ಲಿ ನೀವು ಇಡೀ ಕೋಟು ಒಂದೂ ಕತ್ತರಿಸಿಲ್ಲ ಅತ್ತೆ. ಬರೀ ಅಂಚು. ನನಗೊಂದು ಕತ್ತರಿಸಿ ಕೊಡಿ."

ಅತ್ತೆಯ ಸೆರಗಿನಿಂದ ದಾರದ ಉಂಡೆ ಜಾರಿ ಬಿದ್ದು ಅಂಗಡಿಯ ಆ ತುದಿಯವರೆಗೆ ಉರುಳಿ ಹೋಯಿತು. ಯಾರೂ ಅದನ್ನು ಎತ್ತಲಿಲ್ಲ. ಬಡಗಿ ಬಾಗಿಲಲ್ಲೇ ನಿಂತಿದ್ದ. ನಾನು ಯಾವುದನ್ನು ಹೊರಲಿ ಎಂದು ಮತ್ತೆ ಕೇಳಿದ. ಸೊಸೆ ಹಳೆಯ ಕಂಪ್ಯೂಟರು ಕೂರುತ್ತಿದ್ದ ಮೇಜನ್ನು ತೋರಿಸಿದಳು. ಇನ್ನು ಎರಡೂ ಯಂತ್ರಕ್ಕೆ ಒಂದೇ ಕಂಪ್ಯೂಟರು ಸಾಕು, ಅಲ್ಲಿ ಒಂದಿಷ್ಟು ಒತ್ತಿ ಕೂರಿಸಿದರೆ ಎರಡನೆಯ ಯಂತ್ರವೂ ಹಿಡಿಯುತ್ತದೆ ಎಂದಳು. ಹಿಡಿಯುವುದಿಲ್ಲ ಎಂದು ಗಂಡನಿಗೆ ಗೊತ್ತಿತ್ತು. ಅವನು ಜೋರಾಗಿ ತಲೆಯಾಡಿಸಿದ.

ಅತ್ತೆ ಟೇಪು ಮುಟ್ಟಲಿಲ್ಲ. ಸೊಸೆಯ ಕೈ ಎತ್ತಿಸಿ, ಗೇಣಿನಲ್ಲಿ, ಬೆರಳಿನಲ್ಲಿ ಅಳೆದಳು. ಅಳೆಯುತ್ತ ಇಡೀ ಅಂಗಡಿಗೆ ಕೇಳುವ ಹಾಗೆ, ಈ ಸೊಂಟಕ್ಕೆ ಎರಡೂವರೆ ಮೀಟರು ಸಾಲುವುದಿಲ್ಲ, ಪರದೆಯ ಬಟ್ಟೆ ತನ್ನಿ ಎಂದಳು. ಆಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣವನ್ನೂ ಹಾಕದೆ, ಮಾವನ ಕತ್ತರಿಯ ಬಾಯಿ ತೆರೆದಳು. ಮೇಷ್ಟ್ರು ಉಸಿರು ಹಿಡಿದರು. ಕರ್ರ್ ಎಂದು ಬಟ್ಟೆ ಸೀಳಿತು. ಕತ್ತರಿ ಒಮ್ಮೆಯೂ ನಿಲ್ಲಲಿಲ್ಲ.

ತುಂಡುಗಳು ಮೇಜಿನ ಮೇಲೆ ಬಿದ್ದಾಗ ಸೊಸೆ ಒಂದನ್ನು ಎತ್ತಿ ತನ್ನ ಕಂಕುಳಿಗೆ ಹಿಡಿದಳು. ಹಿಡಿದು ಹಾಗೇ ನಿಂತಳು. ಸುತ್ತ ಎಲ್ಲರೂ ನಗುಮುಖದಿಂದ ನೋಡುತ್ತಿದ್ದರು. ಚೆನ್ನಾಗಿದೆ ಎಂದುಬಿಡುವುದು ಎಷ್ಟು ಸುಲಭ. ಅತ್ತೆ ಮೇಲೆ ಹೋದ ಮೇಲೆ ಒಂದು ಕತ್ತರಿ ತೆಗೆದುಕೊಂಡರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಹನ್ನೊಂದು ವರ್ಷ ಗೊತ್ತಾಗುವುದಿಲ್ಲ.

"ಅತ್ತೆ," ಎಂದಳು. "ಕಂಕುಳು ಬಿಗಿ. ಅರ್ಧ ಬೆರಳು."

ಅಂಗಡಿಯಲ್ಲಿ ಹೊಲಿಗೆ ಯಂತ್ರಗಳೆಲ್ಲ ಒಟ್ಟಿಗೆ ನಿಂತವು. ಅತ್ತೆಯ ಕಣ್ಣುಗಳು ಬಟ್ಟಲಷ್ಟಾದವು. ಅವಳ ಕೆಲಸದಲ್ಲಿ ತಪ್ಪಿದೆ ಎಂದು ಅವಳ ಮುಖಕ್ಕೇ ಹೇಳಿದವರು ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ, ಯಾಕೆಂದರೆ ಅವಳ ಕೆಲಸವನ್ನು ಕೆಲಸವೆಂದು ಯಾರೂ ನೋಡಿರಲೇ ಇಲ್ಲ. ಅವಳು ಸೊಸೆಯನ್ನು ನೋಡಿದಳು, ತುಂಡನ್ನು ನೋಡಿದಳು.

"ಗೊತ್ತು," ಎಂದಳು ಆಮೇಲೆ. "ನೀನು ಬಾಯಿ ಬಿಡ್ತೀಯೋ ಇಲ್ವೋ ಅಂತ ನೋಡ್ತಿದ್ದೆ."

ಅದು ನಿಜವೋ, ಆ ಗಳಿಗೆಯಲ್ಲಿ ಹುಟ್ಟಿದ ಸುಳ್ಳೋ, ಸೊಸೆಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆ ತುಂಡನ್ನು ಅವಳ ಕೈಯಿಂದ ಕಿತ್ತುಕೊಂಡು ಮೇಜಿನ ಮೇಲೆ ಹಾಸಿದಳು, ಕತ್ತರಿಯನ್ನು ಒಂದು ಸುತ್ತು ತಿರುಗಿಸಿದಳು. ಬಿಳಿ ಚಂದ್ರನೊಂದು ಬಿತ್ತು. ಅತ್ತೆ ಅದನ್ನು ಎತ್ತಿ, ಎಂದಿನ ಹಾಗೆ ಕಾಲ ಬಳಿಯ ಚೀಲಕ್ಕೆ ಹಾಕಿದಳು, ಮತ್ತೆ ಬಗ್ಗಿ ಅಲ್ಲಿಂದ ತೆಗೆದು, ಸೊಸೆಯ ಕೈಗಿಟ್ಟಳು.

"ನೆನ್ನೆ ಹರಿದಿಟ್ಟಿದ್ದೀಯಲ್ಲ ದಿಂಬು, ಹೋಗಿ ಹೊಲಿ. ಹೊಲಿಯೋ ಮುಂಚೆ ಇದನ್ನೂ ತುಂಬು."

ಬಡಗಿ ಹಳೆಯ ಕಂಪ್ಯೂಟರಿನ ಮೇಜನ್ನು ತಲೆಯ ಮೇಲೆ ಹೊತ್ತು ಬಾಗಿಲಲ್ಲಿ ಸಿಕ್ಕಿಕೊಂಡು, ಯಾರಾದರೂ ಸ್ವಲ್ಪ ಆ ಕಡೆಯಿಂದ ಎತ್ತುತ್ತೀರಾ ಎಂದು ಕೂಗುತ್ತಿದ್ದ.